ಸ್ಪಾನರ್ ಜೇಬಿಗಿಳಿಸಿದ ಗೆಳೆಯ

ನಾಲ್ಕನೇ ಸಲ ಬೈಕ್ ನಿಂತಾಗ ನನ್ನ ಗೆಳೆಯ ಒಂದು ಮಾತೂ ಆಡದೆ ಹತ್ತಿರ ಬಂದ. ನನ್ನ ಕೈಯಲ್ಲಿದ್ದ ಪ್ಲಗ್ ಸ್ಪಾನರ್ ತಗೊಂಡು ತನ್ನ ಜಾಕೆಟ್ ಜೇಬಿಗೆ ಇಳಿಸಿದ. "ಕೂತ್ಕೋ" ಅಂದ.

ಸುತ್ತ ಒಂದು ಮರವೂ ಇರಲಿಲ್ಲ. ಬೆಳಗಿನಿಂದ ನಾವು ಕಂಡಿದ್ದು ಎರಡೇ ಲಾರಿ, ಅವೂ ಎದುರಿನಿಂದ ಬಂದು ಹೋಗಿಬಿಟ್ಟಿದ್ದವು. ಫೋನಿನಲ್ಲಿ ಸಿಗ್ನಲ್ ಕಾಣದೆ ಒಂದು ದಿನವಾಗಿತ್ತು. ಮುಂದಿನ ಊರಿಗೆ 110 ಕಿಲೋಮೀಟರ್, ಬಿಟ್ಟು ಬಂದ ಊರಿಗೂ ಹೆಚ್ಚುಕಡಿಮೆ ಅಷ್ಟೇ. ಇಂಥ ಜಾಗದಲ್ಲಿ ಕೈಯಿಂದ ಸ್ಪಾನರ್ ಕಿತ್ತುಕೊಂಡರೆ ಯಾರಿಗೆ ಸಿಟ್ಟು ಬರೋದಿಲ್ಲ ಹೇಳಿ? ನನಗಂತೂ ಬಂತು. ಆದರೂ ಕೂತೆ. ಬೇರೆ ಏನು ಮಾಡೋಕೆ ಆಗ್ತಿತ್ತು, ಸ್ಪಾನರ್ ಅವನ ಜೇಬಿನಲ್ಲಿತ್ತಲ್ಲ.

ಮೊದಲಿನ ಮೂರು ಸಲ ಏನಾಯಿತು ಅಂತ ಹೇಳಿಬಿಡುತ್ತೇನೆ.

ಅದು ಹಳೆಯ ಬೈಕು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬೊರೇಟರ್ ಇದ್ದದ್ದು. ಬೆಳಿಗ್ಗೆ ಜಿಟಿಜಿಟಿ ಮಳೆ. ಹೊರಡುವ ಮೊದಲು ಜೊತೆಯಲ್ಲಿದ್ದ ಕ್ಯಾನ್‌ನಿಂದ ಪೆಟ್ರೋಲ್ ಸುರಿದು ಟ್ಯಾಂಕ್ ಭರ್ತಿ ಮಾಡಿದ್ದೆ. ಹತ್ತಿಪ್ಪತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಇಂಜಿನ್ ಎರಡು ಸಲ ಕೆಮ್ಮಿತು, ಪಿಕಪ್ ಇಳಿಯಿತು, ಮೆಲ್ಲಗೆ ಉಸಿರು ಬಿಟ್ಟಿತು. ಟ್ಯಾಂಕ್ ಮುಚ್ಚಳ ತೆಗೆದು ಬಗ್ಗಿ ನೋಡಿದೆ, ಪೆಟ್ರೋಲ್ ಬೇಕಾದಷ್ಟಿತ್ತು. ಹಾಗಾದರೆ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಕೆಟ್ಟಿರಬೇಕು ಅಂದುಕೊಂಡೆ. ಬಿಚ್ಚಿದೆ, ಒರೆಸಿದೆ, ಹಾಕಿದೆ, ಕಿಕ್ ಹೊಡೆದೆ. ಸ್ಟಾರ್ಟ್ ಆಯಿತು! ಗೆಳೆಯನ ಕಡೆ ತಿರುಗಿ ಹೆಬ್ಬೆರಳು ಎತ್ತಿದೆ.

ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಈ ಸಲ ಪ್ಲಗ್ಗೇ ಬದಲಾಯಿಸಿದೆ. ಮತ್ತೆ ಸ್ಟಾರ್ಟ್ ಆಯಿತು. ಹಳೇ ಪ್ಲಗ್ ಹಾಳಾಗಿತ್ತು ಕಣೋ ಅಂತ ವಿವರಣೆಯನ್ನೂ ಕೊಟ್ಟೆ.

ಮೂರನೇ ಸಲ ನಿಂತಾಗ ನನಗೆ ಖಾತ್ರಿಯಾಯಿತು, ಇದು ಕಾರ್ಬೊರೇಟರ್ ಕಸ. ಯಾಕೆ ಖಾತ್ರಿ ಅಂದರೆ, ಆ ಪ್ರವಾಸಕ್ಕೆ ಎರಡು ತಿಂಗಳ ಹಿಂದಷ್ಟೇ ನಾನು ಕಾರ್ಬೊರೇಟರ್ ಬಿಚ್ಚಿ ಕಟ್ಟೋದು ಕಲಿತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತಾರಲ್ಲ, ಹಾಗೆ. ರಸ್ತೆ ಬದಿಯಲ್ಲಿ ಮಳೆಕೋಟು ಹಾಸಿ, ಎರಡು ಗಂಟೆ ಕೂತು, ಜೆಟ್ಟುಗಳನ್ನೆಲ್ಲಾ ಊದಿ, ಫ್ಲೋಟ್ ನೋಡಿ, ಮತ್ತೆ ಕೂರಿಸಿದೆ. ಒಳಗೆ ಕಸ ಏನೂ ಸಿಗಲಿಲ್ಲ. ಆದರೆ ಬೈಕ್ ಒಂದೇ ಕಿಕ್ಕಿಗೆ ಎದ್ದಿತು. ಕಣ್ಣಿಗೆ ಕಾಣದಷ್ಟು ಸಣ್ಣ ಕಸ ಇದ್ದಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಅದಾಗಿ 18 ಕಿಲೋಮೀಟರಿಗೆ ಈ ನಾಲ್ಕನೇ ನಿಲುಗಡೆ.

ಈಗ ಯೋಚಿಸಿದರೆ ನಗು ಬರುತ್ತದೆ. ನಾನು ಮಾಡಿದ ರಿಪೇರಿ ಒಂದೂ ಸೋತಿರಲಿಲ್ಲ, ಮೂರೂ ಗೆದ್ದಿದ್ದವು! ಎಡವಟ್ಟು ಆಗಿದ್ದೇ ಅಲ್ಲಿ. ಬೈಕ್ ಸ್ಟಾರ್ಟ್ ಆದ ಕೂಡಲೇ ನಾನು ಮಾಡಿದ್ದರಿಂದಲೇ ಆಯಿತು ಅಂತ ನಂಬಿಬಿಟ್ಟೆ. ಒಂದೇ ಹೊತ್ತಿಗೆ ನಾಲ್ಕು ಕೆಲಸ ಮಾಡಿದ್ದೆ. ಮುಚ್ಚಳ ತೆಗೆದೆ, ಪ್ಲಗ್ ಒರೆಸಿದೆ, ಇಂಜಿನ್ ತಣ್ಣಗಾಗಲು ಬಿಟ್ಟೆ, ವೈರ್ ಅಲ್ಲಾಡಿಸಿದೆ. ಇವುಗಳಲ್ಲಿ ಯಾವುದು ಕೆಲಸ ಮಾಡಿತು ಅಂತ ಕೇಳಿಕೊಳ್ಳಲೇ ಇಲ್ಲ.

ಗೆಳೆಯ ಕೇಳಿದ. "ಹೇಗೆ ನಿಲ್ಲುತ್ತೆ? ಲೈಟ್ ಸ್ವಿಚ್ ಆಫ್ ಮಾಡಿದ ಹಾಗಾ, ಇಲ್ಲ ದೀಪದ ಎಣ್ಣೆ ಮುಗಿದ ಹಾಗಾ?"

ಎಣ್ಣೆ ಮುಗಿದ ಹಾಗೆ ಅಂದೆ.

ಈ ಒಂದು ಪ್ರಶ್ನೆಗೆ ಅರ್ಧ ಬೈಕ್ ಬಿಚ್ಚುವ ಕೆಲಸ ಉಳಿಯುತ್ತದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಕರೆಂಟ್ ಹೋದರೆ ಇಂಜಿನ್ ಸಾಮಾನ್ಯವಾಗಿ ಟಕ್ ಅಂತ ನಿಲ್ಲುತ್ತದೆ. ಫ್ಯೂಸ್ ಹೋಗಿದ್ದರೂ, ಬ್ಯಾಟರಿಯ ಬೋಲ್ಟ್ ಸಡಿಲವಾಗಿದ್ದರೂ, ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಮಣ್ಣು ಮೆತ್ತಿದ್ದರೂ ಮುನ್ಸೂಚನೆ ಇರೋದು ಕಡಿಮೆ. ಪೆಟ್ರೋಲ್ ಸಾಲದೆ ಬಂದರೆ ಹಾಗಲ್ಲ. ಕೆಮ್ಮುತ್ತದೆ, ಎಳೆಯುತ್ತದೆ, ಆಕ್ಸಿಲರೇಟರ್ ಕೊಟ್ಟಷ್ಟೂ ಬಳಲುತ್ತದೆ, ಬಿಟ್ಟರೆ ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ. ನೂರಕ್ಕೆ ನೂರು ಹೀಗೇ ಅಂತ ಅಲ್ಲ. ಸಡಿಲವಾದ ವೈರ್ ಕೂಡ ಮಿಸ್ ಹೊಡೆಸಿ ಮೋಸ ಮಾಡಬಹುದು. ಆದರೂ ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇನ್ನೂ ಸಿಕ್ಕಿಲ್ಲ.

ಅವನ ಎರಡನೇ ಪ್ರಶ್ನೆ. "ಎಲ್ಲೆಲ್ಲಿ ನಿಂತಿತು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಹತ್ತಿರ ಇತ್ತು. ಹಿಂದೆ ಬರುತ್ತಿದ್ದವನು ಗಮನಿಸಿದ್ದ. ಕಲ್ಲುಮಣ್ಣಿನ ರಸ್ತೆಯಲ್ಲಿ, ಏರಿನಲ್ಲಿ, ಒಂದನೇ ಎರಡನೇ ಗೇರಿನಲ್ಲಿ ಒದ್ದಾಡಿಕೊಂಡು ಹೋಗುವಾಗ ನನ್ನ ಬೈಕ್ ಒಂದು ಸಲವೂ ನಿಂತಿರಲಿಲ್ಲ. ನಾಲ್ಕು ಸಲವೂ ನಿಂತಿದ್ದು ಒಳ್ಳೆಯ ರಸ್ತೆಯಲ್ಲಿ, ವೇಗವಾಗಿ ಹೋಗುವಾಗ.

ನೀವೂ ಒಂದು ನಿಮಿಷ ಯೋಚಿಸಿ ನೋಡಿ. ವೈರ್ ಸಡಿಲವಾಗಿದ್ದರೆ ಎಲ್ಲಿ ಕೈ ಕೊಡಬೇಕು? ಕಲ್ಲಿನ ಮೇಲೆ ಕುಣಿಯುವಾಗ, ಅಲ್ವಾ? ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಗೆ ಸೋಲುತ್ತಿದ್ದರೆ? ಏರಿನಲ್ಲಿ ಗಾಳಿ ಇಲ್ಲದೆ ಇಂಜಿನ್ ಬೇಯುವಾಗ ಸೋಲಬೇಕಿತ್ತು. ಎರಡೂ ಆಗಿರಲಿಲ್ಲ. ಒಳ್ಳೆಯ ರಸ್ತೆಯಲ್ಲಿ ಮಾತ್ರ ಜಾಸ್ತಿಯಾಗುವುದು ಏನು? ನಿಮಿಷಕ್ಕೆ ಕುಡಿಯುವ ಪೆಟ್ರೋಲ್. ಅಂದರೆ ಪೆಟ್ರೋಲ್ ಬರುತ್ತಿದೆ, ಆದರೆ ಸಣ್ಣಗೆ ಬರುತ್ತಿದೆ. ನಿಧಾನ ಹೋದರೆ ಸಾಲುತ್ತದೆ, ಜೋರು ಹೋದರೆ ಸಾಲದು.

ಮೂರನೇ ಪ್ರಶ್ನೆ. "ನಿನ್ನೆ ಸರಿ ಇತ್ತು. ಇವತ್ತು ಹೊಸದಾಗಿ ಏನು ಮಾಡಿದೆ?"

ಏನೂ ಇಲ್ಲ ಅಂದೆ. ನಾವೆಲ್ಲರೂ ಮೊದಲು ಹೇಳೋದು ಅದನ್ನೇ. ಅವನು ಬೈಕನ್ನೇ ನೋಡುತ್ತಾ ಕೂತ. ನಾನೂ ನೋಡಿದೆ. ಟ್ಯಾಂಕಿನ ಮೇಲೆ ಟ್ಯಾಂಕ್ ಬ್ಯಾಗ್. ಅದರ ಮೇಲೆ ಬೆಳಿಗ್ಗೆ ಮಳೆಗೆ ಅಂತ ಹಾಕಿದ ದಪ್ಪ ರಬ್ಬರಿನಂಥ ಹೊದಿಕೆ. ಅದರ ಅಂಚನ್ನು ಬ್ಯಾಗಿನ ಕೆಳಗೆ ಮಡಚಿ ಬಿಗಿಯಾಗಿ ಎಳೆದು ಕಟ್ಟಿದ್ದೆ. ಸರಿಯಾಗಿ ಪೆಟ್ರೋಲ್ ಮುಚ್ಚಳದ ಮೇಲೆ.

ಟ್ಯಾಂಕಿನಿಂದ ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಅಷ್ಟೇ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲೇ ಒಂದು ಸಣ್ಣ ದಾರಿ ಇರುತ್ತದೆ. ಆ ದಾರಿ ಮುಚ್ಚಿಹೋದರೆ ಒಳಗೆ ಗಾಳಿಯ ಒತ್ತಡ ಇಳಿದು ಪೆಟ್ರೋಲ್ ಹಿಡಿದಿಟ್ಟ ಹಾಗೆ ಆಗುತ್ತದೆ. ಪೈಪಿನ ಮೇಲಿನ ತುದಿಗೆ ಬೆರಳು ಒತ್ತಿ ಹಿಡಿದರೆ ಒಳಗಿನ ನೀರು ಬೀಳದೆ ನಿಲ್ಲುತ್ತದಲ್ಲ, ಅದೇ ಲೆಕ್ಕ. ನನ್ನ ಹೊದಿಕೆ ಪೂರ್ತಿ ಮುಚ್ಚಿರಲಿಲ್ಲ, ಮುಕ್ಕಾಲು ಮುಚ್ಚಿತ್ತು. ಹಾಗಾಗಿ ನಿಧಾನಕ್ಕೆ ಹೋದಾಗ ಗಾಳಿ ಹೇಗೋ ನುಸುಳಿ ಸಾಲುತ್ತಿತ್ತು. ಬೈಕ್ ನಿಲ್ಲಿಸಿ ಅರ್ಧ ಗಂಟೆ ಏನಾದರೂ ರಿಪೇರಿ ಮಾಡುತ್ತಾ ಕೂತರೂ ಗಾಳಿ ನುಸುಳಿ ಎಲ್ಲ ಸರಿಹೋಗುತ್ತಿತ್ತು. ನಾನು ಪ್ಲಗ್ ಒರೆಸದೆ ಆಕಾಶ ನೋಡುತ್ತಾ ಮಲಗಿದ್ದರೂ ಅದು ಸ್ಟಾರ್ಟ್ ಆಗುತ್ತಿತ್ತು! ಅದಿರಲಿ, ಮೊದಲ ಸಲ ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದೆನಲ್ಲ, ಆ ಕ್ಷಣವೇ ರಿಪೇರಿ ಮುಗಿದಿತ್ತು. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದಿರಲೇಬೇಕು. ಹೆಲ್ಮೆಟ್ ತೆಗೆದಿರಲಿಲ್ಲ, ಕೇಳಿಸಲಿಲ್ಲ.

ಹೊದಿಕೆ ಬಿಚ್ಚಿದೆವು. ಆ ದಿನ ಮತ್ತೆ ಎಲ್ಲೂ ನಿಲ್ಲಲಿಲ್ಲ. ಸ್ಪಾನರ್ ಮಾತ್ರ ಸಂಜೆ ತನಕ ಅವನ ಜೇಬಿನಲ್ಲೇ ಇತ್ತು.

ಊರಿನಲ್ಲಿ ಇದ್ದಾಗ ನಾವು ಬೈಕಿನ ಕಾಯಿಲೆ ಕಂಡುಹಿಡಿಯುವುದೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಬದಲಾಯಿಸಿ ನೋಡುತ್ತೇವೆ. ಪ್ಲಗ್ ಹಾಕಿ ನೋಡೋಣ, ಹೋಗಲಿಲ್ಲವಾ, ಕಾಯಿಲ್ ಹಾಕಿ ನೋಡೋಣ, ಅದೂ ಅಲ್ವಾ, ಹಾಗಾದರೆ ವೈರಿಂಗ್. ಸಾಮಾನು ಸಿಗುವ ಕಡೆ ಇದು ನಡೆಯುತ್ತದೆ, ತಪ್ಪೇನೂ ಅಲ್ಲ. ಯಾರೂ ಇಲ್ಲದ ಕಡೆ ಬದಲಾಯಿಸಲು ಏನೂ ಇರುವುದಿಲ್ಲ. ಚೀಲದಲ್ಲಿ ಎರಡು ಪ್ಲಗ್, ಒಂದು ಕ್ಲಚ್ ಕೇಬಲ್, ನಾಲ್ಕು ಫ್ಯೂಸ್, ಒಂದಿಷ್ಟು ತಂತಿ. ಅಷ್ಟರಲ್ಲಿ ಗುಣವಾಗುವ ಕಾಯಿಲೆಯೇ ಬೈಕಿಗೆ ಬಂದಿದೆ ಅಂತ ಮನಸ್ಸು ಹಠ ಹಿಡಿಯುತ್ತದೆ. ಚೀಲದಲ್ಲಿ ಪ್ಲಗ್ ಇತ್ತು, ಅದಕ್ಕೇ ಪ್ಲಗ್ ಹಾಳಾಗಿತ್ತು. ಕೈಗೆ ಕಾರ್ಬೊರೇಟರ್ ವಿದ್ಯೆ ಬಂದಿತ್ತು, ಅದಕ್ಕೇ ಕಾರ್ಬೊರೇಟರ್ ಕಟ್ಟಿಕೊಂಡಿತ್ತು.

ಅಂದು ಪ್ಲಗ್ ಬಿಚ್ಚಿದ್ದಾದರೂ ಸರಿಯಾಗಿ ನೋಡಿದ್ದರೆ ಅದೇ ಹೇಳುತ್ತಿತ್ತು. ಎಷ್ಟೋ ಸಲ ಕಿಕ್ ಹೊಡೆದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ ಅಂತ ಅರ್ಥ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ, ಅಥವಾ ಪೆಟ್ರೋಲ್ ಜಾಸ್ತಿಯಾಗಿ ಓವರ್‌ಫ್ಲೋ ಆಗಿದೆ. ಒರೆಸುವ ಮೊದಲು ಒಂದು ಸಲ ನೋಡಬೇಕು, ಅಷ್ಟೇ. ನಾನು ಮೊದಲು ಒರೆಸಿ ಆಮೇಲೆ ನೋಡಿದೆ. ಸಾಕ್ಷಿಯನ್ನು ನನ್ನ ಕೈಯಾರೆ ಒರೆಸಿ ಹಾಕಿದ ಹಾಗೆ. ಕಾರ್ಬೊರೇಟರ್ ಕೂಡ ಪೂರ್ತಿ ಬಿಚ್ಚಬೇಕಾಗಿರಲಿಲ್ಲ. ಅದರ ತಳದಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಇಂಜಿನ್ ಆರಿದ ಮೇಲೆ, ಕೆಳಗೊಂದು ಡಬ್ಬಿ ಹಿಡಿದು ಅದನ್ನು ಸಡಿಲಿಸಿದರೆ ಪೆಟ್ರೋಲ್ ಬರುತ್ತದೆ. ಒಂದೇ ಸಮ ಬರುತ್ತಲೇ ಇದ್ದರೆ ಟ್ಯಾಂಕಿನಿಂದ ಇಲ್ಲಿಯವರೆಗಿನ ದಾರಿ ಸರಿಯಾಗಿದೆ. ಸ್ವಲ್ಪ ಬಂದು ತೊಟ್ಟಿಕ್ಕಲು ಶುರುವಾದರೆ ತೊಂದರೆ ಮೇಲಿದೆ. ಪೈಪ್ ಮಡಚಿದೆಯೋ, ಟ್ಯಾಂಕಿನ ನಲ್ಲಿ, ಅಂದರೆ ಕಾಕ್, ಕಟ್ಟಿದೆಯೋ, ಗಾಳಿ ಬರುತ್ತಿಲ್ಲವೋ. ಆಗ ಮುಚ್ಚಳ ತೆಗೆದು ನೋಡಿದರೆ ಅಲ್ಲೇ ಉತ್ತರ. ಎರಡು ನಿಮಿಷದ ಕೆಲಸ. ನಾನು ಎರಡು ಗಂಟೆ ತಗೊಂಡೆ.

ಕಾರ್ಬೊರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬೈಕುಗಳಲ್ಲಿ ಈ ಸ್ಕ್ರೂ ಇಲ್ಲ. ಅದರ ಬದಲು ಕಿವಿ ಇದೆ. ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿಂದ ಒಂದೆರಡು ಸೆಕೆಂಡ್ ಜುಂಯ್ ಅಂತ ಪಂಪ್ ಸದ್ದು ಬರುತ್ತದೆ. ಆ ಸದ್ದು ನಿಮಗೆ ಅಭ್ಯಾಸವಾಗಿದ್ದರೆ, ಅದು ಬರದ ದಿನ ತಕ್ಷಣ ಗೊತ್ತಾಗುತ್ತದೆ. ಪಂಪಿನ ಫ್ಯೂಸ್, ಪಂಪಿಗೆ ಕರೆಂಟ್ ಬಿಡುವ ರಿಲೇ, ಹ್ಯಾಂಡಲಿನಲ್ಲಿ ಇಂಜಿನ್ ಆರಿಸುವ ಕಿಲ್ ಸ್ವಿಚ್ ಇವಿಷ್ಟನ್ನು ನೋಡಿ ಆಮೇಲೆ ಮುಂದಿನ ಮಾತು. ಬೈಕ್ ಬಿದ್ದು ಎದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಬಹಳಷ್ಟು ಬೈಕುಗಳಲ್ಲಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಇರುತ್ತದೆ, ಬಿದ್ದಾಗ ಅದು ಇಂಜಿನ್ ನಿಲ್ಲಿಸಿಬಿಡುತ್ತದೆ, ಕೀ ತಿರುಗಿಸುವ ತನಕ ಬಿಡುವುದಿಲ್ಲ.

ಕಿಲ್ ಸ್ವಿಚ್ ಅಂದೆನಲ್ಲ. ಅದರ ಬಗ್ಗೆ ನಾಚಿಕೆ ಬಿಟ್ಟು ಹೇಳುತ್ತೇನೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗೆ, ಸೀಟು ಬಿಚ್ಚಿ ಫ್ಯೂಸ್ ಎಲ್ಲ ಪರೀಕ್ಷೆ ಮಾಡಿದ ಮೇಲೆ, ಗ್ಲೌಸ್ ತಾಗಿ ಕಿಲ್ ಸ್ವಿಚ್ ಒತ್ತಿಹೋಗಿದೆ ಅಂತ ಕಂಡುಹಿಡಿದಿದ್ದೇನೆ. ಒಂದು ಸಲ ಅಲ್ಲ. ಆಮೇಲಿಂದ ನನ್ನ ಮೊದಲ ನಿಯಮ ಬಲಗೈ ಹೆಬ್ಬೆರಳಿನದು. ಕಿಲ್ ಸ್ವಿಚ್, ನ್ಯೂಟ್ರಲ್, ಸೈಡ್ ಸ್ಟ್ಯಾಂಡ್, ಪೆಟ್ರೋಲ್ ಕಾಕ್. ಇವು ನಾಲ್ಕೂ ಸರಿ ಇವೆ ಅಂತ ಕೈಯಿಂದ ಮುಟ್ಟಿ ನೋಡದೆ ಹೆಲ್ಮೆಟ್ ತೆಗೆಯುವ ಹಾಗಿಲ್ಲ.

ಕೆಲವು ಸಲ ಬೈಕಿಗೆ ಕಾಯಿಲೆಯೇ ಇರುವುದಿಲ್ಲ. ಅದೇ ಹಳೆಯ ಬೈಕಿನಲ್ಲಿ ಒಮ್ಮೆ ತುಂಬಾ ಎತ್ತರದ ಬೆಟ್ಟದ ದಾರಿ ಹತ್ತುತ್ತಿದ್ದೆ. ಪಿಕಪ್ ಸತ್ತುಹೋಗಿತ್ತು, ಹಿಂದೆ ಕಪ್ಪು ಹೊಗೆ, ಪ್ಲಗ್ ಬಿಚ್ಚಿದರೆ ಕಾಡಿಗೆ ಮೆತ್ತಿದ ಹಾಗೆ. ಪಿಸ್ಟನ್ ಹೋಯಿತು ಅಂತ ಎದೆ ಧಸಕ್ಕೆಂದಿತು. ಹೋಗಿದ್ದು ಪಿಸ್ಟನ್ ಅಲ್ಲ, ಗಾಳಿ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ಸುಮಾರು 70 ಭಾಗಕ್ಕೆ ಇಳಿದಿರುತ್ತದೆ. 5,000 ಮೀಟರ್ ತಲುಪುವಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾರ್ಬೊರೇಟರಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಗಾಳಿ ತೆಳುವಾದರೂ ಪೆಟ್ರೋಲನ್ನು ಅದಕ್ಕೆ ತಕ್ಕಷ್ಟು ಕಡಿಮೆ ಮಾಡುವುದಿಲ್ಲ. ಹೊಟ್ಟೆಗೆ ಜಾಸ್ತಿ, ಉಸಿರಿಗೆ ಕಡಿಮೆ. ಇಂಜೆಕ್ಷನ್ ಬೈಕ್ ಸೆನ್ಸರ್ ನೋಡಿ ಪೆಟ್ರೋಲ್ ಕಡಿಮೆ ಮಾಡುತ್ತದೆ, ಹೊಗೆ ಬರೋದಿಲ್ಲ. ಆದರೆ ಇಲ್ಲದ ಗಾಳಿಯನ್ನು ಅದು ಎಲ್ಲಿಂದ ತರಬೇಕು? ಅದರ ಶಕ್ತಿಯೂ ಇಳಿಯುತ್ತದೆ.

ಆ ದಿನ ನಾನು ಮಾಡಿದ ತಪ್ಪು ಬೇರೆ. ಗಾಳಿ ಜಾಸ್ತಿ ಸಿಗಲಿ ಅಂತ ಏರ್ ಫಿಲ್ಟರನ್ನೇ ತೆಗೆದು ಚೀಲಕ್ಕೆ ಹಾಕಿದೆ. ಮುಂದೆ ಲಾರಿಗಳು ಎಬ್ಬಿಸುವ ಧೂಳು, ಹಿಂದೆ ಬಾಯಿ ತೆರೆದ ನನ್ನ ಇಂಜಿನ್. ಇಳಿದು ಬಂದ ಮೇಲೆ ಕೆಲವು ತಿಂಗಳಿಗೆ ನೀಲಿ ಹೊಗೆ ಶುರುವಾಯಿತು, ಅಂದರೆ ಆಯಿಲ್ ಸುಡುತ್ತಿತ್ತು. ಇಲ್ಲದ ಕಾಯಿಲೆಗೆ ಔಷಧ ಕೊಟ್ಟು ನಿಜವಾದ ಕಾಯಿಲೆ ತಂದುಕೊಂಡೆ. ಸುಮ್ನೆ ನಿಧಾನಕ್ಕೆ ಹತ್ತಿ ಇಳಿದಿದ್ದರೆ ಆಗ್ತಿತ್ತು.

ಹಾಗಂತ ಯಾವಾಗಲೂ ಕೂತು ಯೋಚಿಸುತ್ತಾ ಇರೋದೇ ಸರಿ ಅಂತಲೂ ಅಲ್ಲ. ಹೊಳೆ ದಾಟುವಾಗ ನೀರಿನ ನಡುವೆ ಇಂಜಿನ್ ನಿಂತರೆ ಮೊದಲು ಮಾಡಬೇಕಾದ್ದು ಒಂದೇ. ಸೆಲ್ಫ್ ಬಟನ್ ಮೇಲಿಂದ ಹೆಬ್ಬೆರಳು ತೆಗೆಯುವುದು. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಲ್ಲದು, ನೀರನ್ನು ಕುಗ್ಗಿಸಲಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದಾಗ ಇಂಜಿನ್ ತಿರುಗಿಸಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಆಮೇಲೆ ಆ ಬೈಕ್ ಲಾರಿಯ ಮೇಲೆಯೇ ಊರಿಗೆ ಬರಬೇಕು. ದಡಕ್ಕೆ ತಳ್ಳಿ, ಏರ್ ಫಿಲ್ಟರ್ ಡಬ್ಬಿ ತೆಗೆದು ನೀರು ಇದೆಯಾ ನೋಡಿ, ಪ್ಲಗ್ ಬಿಚ್ಚಿ, ಆ ತೂತಿನಿಂದ ಮುಖ ದೂರ ಇಟ್ಟುಕೊಂಡು ಆಮೇಲೆ ಇಂಜಿನ್ ತಿರುಗಿಸಬೇಕು. ನೀರು ಚಿಮ್ಮಿ ಹೊರಗೆ ಬರುತ್ತದೆ. ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಬಣ್ಣ ಕಂಡರೆ ಆಯಿಲಿಗೂ ನೀರು ಸೇರಿದೆ, ಬದಲಾಯಿಸದೆ ಮುಂದೆ ಹೋಗುವ ಹಾಗಿಲ್ಲ. ನನಗೆ ಒಂದು ಸಲ ಹೀಗಾಯಿತು. ಮೊಣಕಾಲು ಮುಳುಗುವ ನೀರು, ಸೆಳೆತ, ಗಾಬರಿ. ಬೆರಳು ತಾನಾಗಿಯೇ ಬಟನ್ ಹತ್ತಿರ ಹೋಯಿತು. ದಡದಲ್ಲಿದ್ದ ಗೆಳೆಯ ಕಿರುಚಿದ ಭಾಷೆಯನ್ನು ಇಲ್ಲಿ ಬರೆಯಲಾರೆ. ಬೈಕ್ ಉಳಿಯಿತು.

ಸದ್ದುಗಳ ವಿಷಯಕ್ಕೆ ಬಂದರೆ, ಬಿಕೋ ಅನ್ನುವ ರಸ್ತೆಯಲ್ಲಿ ಬೈಕಿನಿಂದ ಬಾರದ ಸದ್ದುಗಳೂ ಕೇಳಿಸುತ್ತವೆ. ಊರಿನೊಳಗೆ ನೂರು ಗದ್ದಲದಲ್ಲಿ ಮುಚ್ಚಿಹೋಗುವ ಟಿಕ್ ಟಿಕ್ ಅಲ್ಲಿ ಸಾವಿನ ಗಂಟೆಯಂತೆ ಕೇಳಿಸುತ್ತದೆ. ಇದಕ್ಕೆ ನಾನು ನಂಬಿರುವ ಪರೀಕ್ಷೆ ಒಂದೇ. ನೇರ ಖಾಲಿ ರಸ್ತೆಯಲ್ಲಿ ಸದ್ದು ಬರುವಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡುವುದು. ಇಂಜಿನ್ ಐಡ್ಲಿಂಗಿಗೆ ಇಳಿಯುತ್ತದೆ, ಬೈಕ್ ಉರುಳುತ್ತಲೇ ಇರುತ್ತದೆ. ಸದ್ದೂ ಇಂಜಿನ್ ಜೊತೆಗೆ ಇಳಿದರೆ ಅದು ಇಂಜಿನ್ನಿನದು. ಚಕ್ರದ ವೇಗಕ್ಕೇ ಅಂಟಿಕೊಂಡಿದ್ದರೆ ಚೈನು, ಬೇರಿಂಗ್, ಬ್ರೇಕ್, ಟೈರಿಗೆ ಸಿಕ್ಕಿದ ಕಲ್ಲು, ಇವುಗಳಲ್ಲೊಂದು. ಬೇರಿಂಗ್ ಅನುಮಾನ ಬಂದರೆ ಚಕ್ರದ ಮೇಲಿನ ಅಂಚನ್ನೂ ಕೆಳಗಿನ ಅಂಚನ್ನೂ ಹಿಡಿದು ಅಲ್ಲಾಡಿಸಿದರೆ ಟಕಟಕ ಅಂತ ಆಟ ಕೈಗೆ ಸಿಗುತ್ತದೆ. ಚೈನನ್ನು ಒಂದೇ ಕಡೆ ಮುಟ್ಟಿ ನೋಡಿ ಸರಿ ಇದೆ ಅನ್ನಬಾರದು. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಬೇಕು. ಸವೆದ ಚೈನು ಒಂದು ಕಡೆ ಜೋಲುತ್ತದೆ, ಇನ್ನೊಂದು ಕಡೆ ತಂತಿಯ ಹಾಗೆ ಬಿಗಿದಿರುತ್ತದೆ. ಜೋಲುವ ಕಡೆ ನೋಡಿ ಬಿಗಿ ಮಾಡಿದರೆ ಬಿಗಿದ ಕಡೆ ಕಿತ್ತುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಕಾರಣ ಗೊತ್ತಾದರೂ ಏನೂ ಮಾಡಲಾಗದ ಒಂದು ದಿನವನ್ನೂ ಹೇಳಬೇಕು.

ಆಗ ನಾವಿಬ್ಬರೂ ಒಂದೇ ಮಾದರಿಯ ಇಂಜೆಕ್ಷನ್ ಬೈಕುಗಳಲ್ಲಿದ್ದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಮೀಟರಿನ ದೀಪ ಮಂಕಾಯಿತು, ಹಾರ್ನ್ ಗೊಗ್ಗರು ದನಿಯಲ್ಲಿ ಕೂಗಿತು. ಈ ಸಲ ನಾನು ಏನನ್ನೂ ಬಿಚ್ಚಲಿಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ತೆಗೆದೆ. ಅಂಗೈ ಅಗಲದ ವಸ್ತು, ಈಗ ಅದಿಲ್ಲದೆ ನಾನು ಮನೆ ಬಿಡುವುದಿಲ್ಲ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನೆ ನಿಂತಾಗ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಇಂಜಿನ್ ಓಡುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ, ಹೆಚ್ಚಿನ ಬೈಕುಗಳಲ್ಲಿ 13.5ರಿಂದ 14.5ರ ನಡುವೆ ಏರಬೇಕು. 15 ದಾಟಿದರೆ ಚಾರ್ಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹುಚ್ಚು ಹಿಡಿದು ಬ್ಯಾಟರಿಯನ್ನು ಬೇಯಿಸುತ್ತಿದೆ. ನನ್ನದು 12.1ರಲ್ಲೇ ಕೂತಿತ್ತು, ಆಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಏರಲಿಲ್ಲ. ಚಾರ್ಜ್ ಆಗುತ್ತಿಲ್ಲ.

ತಪ್ಪು ರೆಗ್ಯುಲೇಟರಿನದೋ, ಇಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನದೋ? ಕಾಯಿಲಿನಿಂದ ಮೂರು ವೈರ್ ಹೊರಗೆ ಬರುತ್ತವೆ. ಆ ಸಾಕೆಟ್ ಕಳಚಿ, ಮೀಟರನ್ನು ಎಸಿ ವೋಲ್ಟ್ ಅಳೆಯಲು ಇಟ್ಟು, ಇಂಜಿನ್ ಓಡುವಾಗ ಎರಡೆರಡು ವೈರುಗಳ ನಡುವೆ ನೋಡಬೇಕು. ಮೂರು ಜೋಡಿಯಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕ ಬಂದು, ಆಕ್ಸಿಲರೇಟರ್ ಜೊತೆಗೆ ಏರಿದರೆ ಕಾಯಿಲ್ ಸಾಮಾನ್ಯವಾಗಿ ಚೆನ್ನಾಗಿದೆ ಅಂತ ಲೆಕ್ಕ. ನನಗೆ ಒಂದು ಜೋಡಿಯಲ್ಲಿ ಸರಿಯಾಗಿ ಬಂತು, ಉಳಿದ ಎರಡರಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಇಂಜಿನ್ ಆರಿಸಿ ನೋಡಿದರೆ ಒಂದು ವೈರ್ ಇಂಜಿನ್ ಲೋಹಕ್ಕೂ ತಾಗಿದೆ ಅಂತ ಮೀಟರ್ ಹೇಳಿತು. ಕಾಯಿಲ್ ಸುಟ್ಟಿತ್ತು. ಹೊಸದು ಹಾಕಬೇಕು, ಅಥವಾ ತಂತಿ ಸುತ್ತಿಸಬೇಕು. ಎರಡೂ ಅಲ್ಲಿ ಸಾಧ್ಯವಿರಲಿಲ್ಲ.

ಆದರೆ ಕಾರಣ ಗೊತ್ತಾದ್ದರಿಂದ ಏನು ಮಾಡಬಾರದು ಅಂತ ಗೊತ್ತಾಯಿತು. ಇಂಜಿನ್ನಿಗೆ ಏನೂ ಆಗಿಲ್ಲ. ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಇದೆಯೋ ಅಷ್ಟು ದೂರ ಇದು ಓಡುತ್ತದೆ. ಗೆಳೆಯನ ಬೈಕಿನ ಬ್ಯಾಟರಿಯೂ ಅದೇ ಅಳತೆಯದು, ಅವನ ಬೈಕ್ ಚಾರ್ಜ್ ಮಾಡುತ್ತಿದೆ. ನನ್ನ ಹೆಡ್‌ಲೈಟಿನ ಸಾಕೆಟ್ ಕಳಚಿದೆ, ಬೇಡದ್ದೆಲ್ಲ ಬಂದ್ ಮಾಡಿದೆ. ಹಗಲು ಬೆಳಕಿನಲ್ಲಿ ಅವನು ಮುಂದೆ, ನಾನು ಹಿಂದೆ. ಅರ್ಧ ಗಂಟೆಗೊಮ್ಮೆ ನಿಂತು, ಎರಡೂ ಇಂಜಿನ್ ಆರಿಸಿ, ಬ್ಯಾಟರಿ ಅದಲು ಬದಲು. ಪೂರ್ತಿ ಖಾಲಿಯಾಗಲು ಬಿಡುತ್ತಿರಲಿಲ್ಲ. ಕರೆಂಟ್ ಸತ್ತರೆ ಪಂಪೇ ಓಡುವುದಿಲ್ಲ, ತಳ್ಳಿದರೂ ಪ್ರಯೋಜನವಿಲ್ಲ. ಏಳು ಸಲ ಬದಲಾಯಿಸಿದೆವು. ಏಳನೇ ಸಲಕ್ಕೆ ನನಗೆ ಕಣ್ಣು ಮುಚ್ಚಿಕೊಂಡೇ ಮೊದಲು ನೆಗೆಟಿವ್ ಬಿಚ್ಚಿ ಕೊನೆಗೆ ನೆಗೆಟಿವ್ ಕಟ್ಟುವ ಅಭ್ಯಾಸ ಬಂದಿತ್ತು. ಕತ್ತಲಾಗುವ ಹೊತ್ತಿಗೆ ದೂರದಲ್ಲಿ ಊರಿನ ದೀಪ ಕಂಡವು.

ಬೇರಿಂಗ್ ಹೋಗಿದ್ದರೆ, ಬ್ರೇಕ್ ಸತ್ತಿದ್ದರೆ, ಇಂಜಿನ್ ಒಳಗೆ ಸುತ್ತಿಗೆ ಬಡಿದಂತೆ ಸದ್ದು ಬರುತ್ತಿದ್ದರೆ ಇಂಥ ಸಾಹಸಕ್ಕೆ ನಾನು ಕೈ ಹಾಕುವುದಿಲ್ಲ. ಅಲ್ಲೇ ಡೇರೆ ಹಾಕುತ್ತೇನೆ. ಎಷ್ಟು ಹೊತ್ತಾದರೂ ಸರಿ, ಲಾರಿ ಬರಲಿ. ಕ್ಲಚ್ ಕೇಬಲ್ ತುಂಡಾದರೆ ಹೋಗುತ್ತೇನೆ, ಸ್ಪೀಡೋಮೀಟರ್ ಸತ್ತರೆ ಕೇಳುವುದೇ ಬೇಡ.

ಗೆಳೆಯನಿಂದ ಕಲಿತ ಒಂದು ಚಟ ನನಗೆ ಅಂಟಿಕೊಂಡಿದೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಬೈಕಿನಲ್ಲಿ ಏನೇ ಹೊಸತು ಕಂಡರೂ, ಕೇಳಿಸಿದರೂ ಬರೆಯುವುದು. ಕಾರಣ ಬರೆಯುವ ಹಾಗಿಲ್ಲ, ಕಂಡಿದ್ದು ಮಾತ್ರ. ಕಳೆದ ಪ್ರವಾಸದ ಪುಟದಲ್ಲಿ ಹೀಗಿದೆ: "ಎಡಗಡೆ ಟಿಕ್ ಟಿಕ್. 60 ದಾಟಿದ ಮೇಲೆ ಮಾತ್ರ. ಕ್ಲಚ್ ಹಿಡಿದರೂ ಇದೆ. ಬೇರಿಂಗ್ ಆಟ ಇಲ್ಲ. ಚೈನ್ ಸರಿ." ಮೂರು ದಿನ ಅದೇ ಸದ್ದು. ಹಿಂದಿನ ಚಕ್ರವನ್ನೇ ಬಿಚ್ಚುವುದು ಅಂತ ತೀರ್ಮಾನ ಮಾಡಿ ಸ್ಪಾನರ್ ಹೊರಗೆ ತೆಗೆದಿದ್ದೆ. ಬಿಚ್ಚುವ ಮೊದಲು ಪುಸ್ತಕದಲ್ಲಿ ಇನ್ನೂ ಎರಡು ಸಾಲು ಕಂಡವು: "ಇವತ್ತು ಮಳೆ. ಸದ್ದಿಲ್ಲ." ಅದರ ಕೆಳಗೆ: "ಅವನು ಓಡಿಸಿ ನೋಡಿದ. ಸದ್ದಿಲ್ಲ ಅಂತಾನೆ."

ಮಳೆ ಬಂದರೆ ಇಲ್ಲ. ಅವನು ಓಡಿಸಿದರೂ ಇಲ್ಲ. ಸ್ಪಾನರ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಮಳೆಯಲ್ಲಿ ನಾನು ಜಾಕೆಟ್ ಮೇಲೆ ಮಳೆಕೋಟು ಹಾಕಿಕೊಳ್ಳುತ್ತೇನೆ. ಜಾಕೆಟ್ಟಿನ ಎಡಗಡೆ ಸೊಂಟದ ಹತ್ತಿರ ಒಂದು ಪಟ್ಟಿ ಜೋತಾಡುತ್ತಿತ್ತು, ಅದರ ತುದಿಗೆ ಪ್ಲಾಸ್ಟಿಕ್ಕಿನ ಬಕಲ್. 60 ದಾಟಿದರೆ ಗಾಳಿಗೆ ಎದ್ದು ಹೆಲ್ಮೆಟ್ಟಿಗೆ ಬಡಿಯುವಷ್ಟು ಉದ್ದ.

ಗೆಳೆಯನಿಗೆ ಇನ್ನೂ ಹೇಳಿಲ್ಲ. ಅವನು ಕೇಳಿದಾಗ, ಚೈನಿಗೆ ಸ್ವಲ್ಪ ಎಣ್ಣೆ ಬಿಟ್ಟೆ, ಸರಿಹೋಯಿತು ಅಂದಿದ್ದೇನೆ.